ಮೂಗಿಗೊಂದು ಕಡತ, ಎದೆಗೊಂದು ಕಡತ: ಜಂಟಿ ಪಾಲಿಪ್ ಕ್ಲಿನಿಕ್ಕಿನಲ್ಲಿ ಎಂಟು ತಿಂಗಳು

ಬೆಂಗಳೂರು ದಕ್ಷಿಣದ ಖಾಸಗಿ ಆಸ್ಪತ್ರೆಯೊಂದರಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಒಂದು ಕ್ಲಿನಿಕ್ ನಡೆಯುತ್ತದೆ. ಮೂಗಿನ ಪಾಲಿಪ್, ಅಂದರೆ ಮೂಗಿನೊಳಗೆ ಊದಿ ಬೆಳೆಯುವ ಗೊಂಚಲು, ಇರುವವರನ್ನು ಅಲ್ಲಿ ಕಿವಿ-ಮೂಗು-ಗಂಟಲಿನ ತಜ್ಞರು, ಶ್ವಾಸಕೋಶ ತಜ್ಞರು ಮತ್ತು ಅಲರ್ಜಿ ತಜ್ಞರು ಒಂದೇ ಮೇಜಿನ ಸುತ್ತ ಕುಳಿತು ನೋಡುತ್ತಾರೆ. ಕಳೆದ ಎಂಟು ತಿಂಗಳಲ್ಲಿ ನಾನು ಅಲ್ಲಿಗೆ ಐದು ಸಲ ಹೋಗಿದ್ದೇನೆ. ಒಂದು ಸಲ ಶಸ್ತ್ರಚಿಕಿತ್ಸೆಗೆಂದು ಎರಡು ರಾತ್ರಿ ಉಳಿದಿದ್ದೇನೆ. ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಹೊಗಳಿಕೆಯ ಜೊತೆಗೆ ಒಂದು ಗಂಭೀರವಾದ ದೂರೂ ಇಲ್ಲಿ ಬರುವುದರಿಂದ ಮತ್ತು ಇಂಥ ಜಂಟಿ ಕ್ಲಿನಿಕ್ಕಿಗೆ ಹೋಗುವವರು ಎಲ್ಲಿಯೇ ಆದರೂ ಏನನ್ನು ಗಮನಿಸಬೇಕು ಎನ್ನುವುದೇ ನನ್ನ ಉದ್ದೇಶವಾದ್ದರಿಂದ, ಹೆಸರಿನ ಅಗತ್ಯ ಕಾಣಲಿಲ್ಲ.

ನಾನು ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು, ವಯಸ್ಸು ಐವತ್ತೆರಡು. ಮೂಗು ಕಟ್ಟುವುದು, ಸದಾ ಗಂಟಲಿಗೆ ಸಿಂಬಳ ಇಳಿಯುವುದು, ವಾಸನೆ ತಿಳಿಯದಿರುವುದು ಇವೆಲ್ಲ ಸುಮಾರು ಹನ್ನೊಂದು ವರ್ಷಗಳಿಂದ ನನ್ನ ಜೊತೆಗಿವೆ. ನಮ್ಮ ಕಡೆ ಇದಕ್ಕೆ ‘ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ’ ಎನ್ನುತ್ತಾರೆ. ಆಯುರ್ವೇದದವರು ನಾಸಾರ್ಶ ಎನ್ನುತ್ತಾರೆ. ಒಂಬತ್ತು ವರ್ಷಗಳ ಹಿಂದೆ ಬೇರೊಂದು ಕಡೆ ಅದನ್ನು ತೆಗೆಸಿಕೊಂಡೆ. ಎರಡು ವರ್ಷದೊಳಗೆ ಅದು ಮತ್ತೆ ಬೆಳೆಯಿತು. ಅಲ್ಲಿಂದೀಚೆಗೆ ಮೂಗಿಗೊಬ್ಬರು, ಉಬ್ಬಸಕ್ಕೊಬ್ಬರು, ಸೀನಿಗೊಬ್ಬರು ಎಂದು ಮೂರು ಬಡಾವಣೆಗಳ ಮೂರು ದವಾಖಾನೆಗಳನ್ನು ಸುತ್ತಿದೆ. ಯಾರೂ ಕೆಟ್ಟ ವೈದ್ಯರಲ್ಲ. ಒಬ್ಬರ ಚೀಟಿಯನ್ನು ಮತ್ತೊಬ್ಬರು ನೋಡಲಿಲ್ಲ, ಅಷ್ಟೇ. ತೋರಿಸಬೇಕೆಂದು ನನಗೂ ಹೊಳೆಯಲಿಲ್ಲ.

ಒಂದು ಸಂಜೆ ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿಹೋಗಿತ್ತು. ನಾನು ಪಕ್ಕದ ಕೋಣೆಯಲ್ಲೇ ಕುಳಿತು ಕರಡು ಓದುತ್ತಿದ್ದೆ. ಕಾಲೇಜಿನಿಂದ ಬಂದ ಮಗಳು ಬಾಗಿಲಲ್ಲೇ ನಿಂತು ‘ಅಪ್ಪಾ, ಗ್ಯಾಸು!’ ಎಂದು ಕೂಗಿಕೊಂಡಾಗಲೇ ನನಗೆ ಗೊತ್ತಾದದ್ದು. ಅದಾದ ಮೇಲೆ ಮನೆಯವಳು ನನ್ನ ಯಾವ ಸಬೂಬನ್ನೂ ಕೇಳಲಿಲ್ಲ. ಅವಳ ಸಹೋದ್ಯೋಗಿಯೊಬ್ಬರು ಹೇಳಿದ ಈ ಗುರುವಾರದ ಕ್ಲಿನಿಕ್ಕಿಗೆ ಹೆಸರು ಬರೆಸಿಯೇ ಬಿಟ್ಟಳು.

ಮೊದಲ ಭೇಟಿಯ ವಿವರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕೊಟ್ಟ ಹಣಕ್ಕೆ ಬೆಲೆ ಬಂದದ್ದು ಅಲ್ಲಿಯೇ. ವೈದ್ಯರನ್ನು ಕಾಣುವ ಮೊದಲು ದಾದಿಯೊಬ್ಬರು ಇಪ್ಪತ್ತೆರಡು ಪ್ರಶ್ನೆಗಳ ಹಾಳೆಯೊಂದನ್ನು ಕೊಟ್ಟರು. ಮೂಗು ಕಟ್ಟುವುದರಿಂದ ಹಿಡಿದು ರಾತ್ರಿ ನಿದ್ದೆ, ಹಗಲಿನ ಆಯಾಸ, ಮನಸ್ಸಿನ ಬೇಸರದವರೆಗೆ ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ ಹಾಕಬೇಕು, ಒಟ್ಟು 110. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಸ್ನಾಟ್-22 ಎಂದು ಕರೆಯುವ ಈ ಪ್ರಶ್ನಾವಳಿಯನ್ನು ಜಗತ್ತಿನ ಅನೇಕ ಕಡೆ ಬಳಸುತ್ತಾರೆ. ನನ್ನದು 61 ಬಂತು. ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ, ಕನಕಪುರದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರಿಗೆ ದಾದಿ ಒಂದೊಂದು ಪ್ರಶ್ನೆಯನ್ನೂ ಬಾಯಲ್ಲಿ ಕನ್ನಡಕ್ಕೆ ತಿರುಗಿಸಿ ಕೇಳುತ್ತಿದ್ದರು. ಅಷ್ಟು ತಾಳ್ಮೆಯ ದಾದಿಯಿರುವ ಆಸ್ಪತ್ರೆ ಒಂದು ಕನ್ನಡ ಹಾಳೆಯನ್ನು ಅಚ್ಚು ಹಾಕಿಸಬಹುದಿತ್ತು.

ಅದೇ ದಾದಿ ನಾನು ತಂದಿದ್ದ ಪ್ಲಾಸ್ಟಿಕ್ ಚೀಲದಲ್ಲಿನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದು ದಿನಾಂಕದ ಪ್ರಕಾರ ಜೋಡಿಸಿದರು. ನಾವು ಮುದ್ರಣಾಲಯದಲ್ಲಿ ಮೊದಲ ಕರಡು, ಎರಡನೆಯ ಕರಡು ಎಂದು ಒಂದರ ಕೆಳಗೊಂದು ಇಟ್ಟು ನೋಡುವ ಹಾಗೆಯೇ ಅದು ಕಂಡಿತು. ಹಾಗೆ ಇಟ್ಟಾಗ ತಿಳಿದದ್ದೇನೆಂದರೆ, ಹಿಂದಿನ ಹನ್ನೆರಡು ತಿಂಗಳಲ್ಲಿ ನಾನು ನಾಲ್ಕು ಬಾರಿ ಸ್ಟೀರಾಯ್ಡ್ ಮಾತ್ರೆಗಳ ಸರಣಿಯನ್ನು ನುಂಗಿದ್ದೆ: ಎರಡು ಮೂಗಿನ ವೈದ್ಯರಿಂದ, ಎರಡು ಉಬ್ಬಸದ ವೈದ್ಯರಿಂದ. ಇಬ್ಬರೂ ತಮ್ಮ ಲೆಕ್ಕದಲ್ಲಿ ಮಿತವಾಗಿಯೇ ಕೊಟ್ಟಿದ್ದರು. ಪ್ರೆಡ್ನಿಸೊಲೋನ್ ಎಂಬ ಆ ಸ್ಟೀರಾಯ್ಡ್ ತೆಗೆದುಕೊಂಡಾಗಲೆಲ್ಲ ಪಾಲಿಪ್ ಕುಗ್ಗಿ ಎರಡು ಮೂರು ವಾರ ವಾಸನೆ ಮರಳುತ್ತಿತ್ತು, ಆಮೇಲೆ ಯಥಾಪ್ರಕಾರ. ಆ ಮಾತ್ರೆಗಳು ರಕ್ತದ ಸಕ್ಕರೆ, ಮೂಳೆ, ಕಣ್ಣಿನ ಮೇಲೆ ಮಾಡುವ ಪರಿಣಾಮವನ್ನು ಒಟ್ಟು ಮಾಡಿ ನೋಡುವವರು ಯಾರೂ ಇರಲಿಲ್ಲ. ನನ್ನ ಸಕ್ಕರೆ ಆಗಲೇ ಗಡಿ ದಾಟುವ ಹಂತದಲ್ಲಿತ್ತು.

ಕೋಣೆಯೊಳಗೆ ಮೂಗಿನ ತಜ್ಞೆ ಎಂಡೋಸ್ಕೋಪ್ ಹಾಕಿದರು. ಮರಗಟ್ಟಿಸುವ ಔಷಧದಲ್ಲಿ ಅದ್ದಿದ ಹತ್ತಿಯನ್ನು ಮೊದಲೇ ಇಟ್ಟಿದ್ದರಿಂದ ನೋವಾಗಲಿಲ್ಲ, ಕಣ್ಣಲ್ಲಿ ನೀರು ಬಂತು ಅಷ್ಟೇ. ಪರದೆಯ ಮೇಲೆ ಕಂಡದ್ದು ಸಿಪ್ಪೆ ಸುಲಿದ ದ್ರಾಕ್ಷಿಯಂಥ, ಬೂದು ಬಣ್ಣದ, ಬೆಳಕು ಅರೆಬರೆ ಹಾಯುವ ಗೊಂಚಲು. ಅದು ಮಾಂಸವೇ ಅಲ್ಲ ಎಂದು ಅವರು ವಿವರಿಸಿದರು: ಸೈನಸ್ಸುಗಳ, ಅಂದರೆ ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿಗೂಡುಗಳ, ಒಳಪೊರೆ ದೀರ್ಘಕಾಲದ ಉರಿಯೂತದಿಂದ ನೀರು ತುಂಬಿ ಊದಿ ಜೋತುಬಿದ್ದಿರುತ್ತದೆ, ಆದ್ದರಿಂದಲೇ ಕತ್ತರಿಸಿ ತೆಗೆದರೂ ಉರಿಯೂತ ಉಳಿದರೆ ಮತ್ತೆ ಊದುತ್ತದೆ. ಎರಡೂ ಹೊಳ್ಳೆಗಳಲ್ಲಿ ಇದ್ದರೆ ಸಾಮಾನ್ಯವಾಗಿ ಇದೇ ಕಥೆ. ಒಂದೇ ಹೊಳ್ಳೆಯಲ್ಲಿ ಇದ್ದರೆ, ಅದರಲ್ಲೂ ರಕ್ತ ಬರುತ್ತಿದ್ದರೆ, ಅದು ಗೆಡ್ಡೆಯೂ ಆಗಿರಬಹುದಾದ್ದರಿಂದ ಸ್ಕ್ಯಾನ್ ಮತ್ತು ಬಯಾಪ್ಸಿ ಆಗುವವರೆಗೆ ಅದನ್ನು ಪಾಲಿಪ್ ಎಂದು ಕರೆಯಲೂ ಬಾರದು ಎಂದರು. ಮಕ್ಕಳಲ್ಲಿ ಕಂಡರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟಿನಿಂದ ಬರುವ ಕಾಯಿಲೆಯನ್ನು ಹುಡುಕುತ್ತಾರಂತೆ.

ಆಗ ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಶ್ವಾಸಕೋಶ ತಜ್ಞರು, ‘ತಲೆನೋವು, ಮೈಕೈ ನೋವು ಬಂದ್ರೆ ಯಾವ ಮಾತ್ರೆ ತಗೋತೀರಿ ಸರ್?’ ಎಂದು ಕೇಳಿದರು. ಪ್ಯಾರಾಸಿಟಮಾಲ್ ಎಂದೆ. ಯಾಕೆ, ಬೇರೆಯದು ಯಾಕಿಲ್ಲ ಎಂದರು. ಆಗ ನೆನಪಾಯಿತು: ತಂಗಿಯ ಮಗಳ ಮದುವೆಯಲ್ಲಿ ಹಲ್ಲುನೋವಿಗೆಂದು ಯಾರೋ ಕೊಟ್ಟ ಐಬುಪ್ರೊಫೇನ್ ಮಾತ್ರೆ ನುಂಗಿ, ಒಂದು ಗಂಟೆಯೊಳಗೆ ಮೂಗು ಪೂರ್ತಿ ಕಟ್ಟಿ, ಎದೆ ಬಿಗಿದು, ಛತ್ರದಿಂದ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿದ್ದೆ. ಅದನ್ನು ಅಡುಗೆಯ ಹೊಗೆಗೆ, ಮದುವೆ ಮನೆಯ ದಣಿವಿಗೆ ಕಟ್ಟಿ ಎಲ್ಲರೂ ಮರೆತಿದ್ದೆವು. ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಪಾಲಿಪ್, ಉಬ್ಬಸ, ಆಸ್ಪಿರಿನ್ ಜಾತಿಯ ನೋವುನಿವಾರಕಗಳನ್ನು ಮೈ ತಾಳದಿರುವುದು, ಈ ಮೂರೂ ಒಬ್ಬರಲ್ಲೇ ಸೇರುವ ಸ್ಥಿತಿಯನ್ನು 1922ರಲ್ಲಿ ಫ್ರಾನ್ಸಿನ ವಿಡಾಲ್ ಗುರುತಿಸಿದ್ದರು. 1968ರಲ್ಲಿ ಅಮೆರಿಕದ ಸ್ಯಾಮ್ಟರ್ ಮತ್ತು ಬಿಯರ್ಸ್ ವಿವರವಾಗಿ ಬರೆದ ಮೇಲೆ ಅದಕ್ಕೆ ಸ್ಯಾಮ್ಟರ್ ತ್ರಿಕೂಟ ಎಂಬ ಹೆಸರೇ ನಿಂತಿತು. ಇಂಥವರಲ್ಲಿ ಪಾಲಿಪ್ ಹಟಮಾರಿಯಾಗಿದ್ದು ಶಸ್ತ್ರಚಿಕಿತ್ಸೆಯ ನಂತರ ಬೇಗ ಮರಳುತ್ತದೆ. ಮೂಗಿನವರು ಉಬ್ಬಸವನ್ನು ಕೇಳದೆ, ಉಬ್ಬಸದವರು ಮೂಗಿನೊಳಗೆ ನೋಡದೆ, ಮಾತ್ರೆಯ ವಿಷಯವನ್ನು ಯಾರೂ ವಿಚಾರಿಸದೆ ಹನ್ನೊಂದು ವರ್ಷ ಕಳೆದಿತ್ತು. ಆ ಒಂದು ಪ್ರಶ್ನೆಗೆ ಹಿಡಿದದ್ದು ಅರ್ಧ ನಿಮಿಷ.

ಪರೀಕ್ಷೆಗಳು ಅತಿಯಾಗಲಿಲ್ಲ. ಸೈನಸ್ಸುಗಳ ಸಿ.ಟಿ. ಸ್ಕ್ಯಾನ್ ಆಯಿತು, ಸೈನಸ್ಸುಗಳು ಎಷ್ಟು ಮುಚ್ಚಿವೆ ಎಂದು ಹೇಳುವ 24 ಅಂಕಗಳ ಮಾಪನದಲ್ಲಿ ನನ್ನದು 17. ರೇಡಿಯಾಲಜಿ ವಿಭಾಗದವರು ವರದಿಯನ್ನು ಕಳುಹಿಸಿ ಕೈತೊಳೆದುಕೊಳ್ಳದೆ, ಎರಡನೆಯ ಭೇಟಿಯಲ್ಲಿ ತಾವೇ ಕೆಳಗಿಳಿದು ಬಂದು, ಹಳೆಯ ಶಸ್ತ್ರಚಿಕಿತ್ಸೆಯಲ್ಲಿ ಎಲ್ಲಿಯವರೆಗೆ ತೆಗೆದಿದ್ದಾರೆ, ಕಣ್ಣಿನ ಗುಳಿಗೂ ಸೈನಸ್ಸಿಗೂ ನಡುವಿನ ಕಾಗದದಷ್ಟು ತೆಳುವಾದ ಮೂಳೆ ಎಲ್ಲಿ ಉಳಿದಿದೆ ಎಂದು ಪರದೆಯ ಮೇಲೆ ತೋರಿಸಿದರು. ಉಸಿರಿನ ಬಲ ಅಳೆಯುವ ಸ್ಪೈರೊಮೆಟ್ರಿಯಲ್ಲಿ ಊದಿದೆ; ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟು ಮತ್ತೆ ಊದಿಸಿದಾಗ ಅಂಕಿ ಚೆನ್ನಾಗಿ ಏರಿತು, ಅಂದರೆ ಉಬ್ಬಸ ಹಿಡಿತದಲ್ಲಿರಲಿಲ್ಲ. ರಕ್ತದಲ್ಲಿ ಇಯೊಸಿನೊಫಿಲ್ ಕಣಗಳು, ಅಂದರೆ ಇಂಥ ಉರಿಯೂತದಲ್ಲಿ ಏರುವ ಒಂದು ಬಗೆಯ ಬಿಳಿ ರಕ್ತಕಣಗಳು, ಮೈಕ್ರೋಲೀಟರಿಗೆ 780 ಇದ್ದವು. ಅಲರ್ಜಿಯ ಚರ್ಮ ಪರೀಕ್ಷೆ ಮಾತ್ರ ಆ ದಿನ ಆಗಲಿಲ್ಲ. ಅದಕ್ಕೆ ಒಂದು ವಾರ ಮೊದಲೇ ಸೆಟ್ರಿಜಿನ್ ಥರದ ಮಾತ್ರೆಗಳನ್ನು ನಿಲ್ಲಿಸಿರಬೇಕು. ಹೆಸರು ಬರೆದುಕೊಂಡವರು ಅದನ್ನು ಹೇಳಿರಲಿಲ್ಲ. ನಾನು ಅರ್ಧ ದಿನದ ರಜೆ ಹಾಕಿ ಇನ್ನೊಂದು ಗುರುವಾರ ಬರಬೇಕಾಯಿತು. ಕೊನೆಗೆ ಮನೆಯ ಧೂಳಿನ ನುಸಿ ಮತ್ತು ಪಾರ್ಥೇನಿಯಂ, ಅಂದರೆ ನಮ್ಮ ಖಾಲಿ ಸೈಟುಗಳ ತುಂಬ ಬೆಳೆಯುವ ಕಾಂಗ್ರೆಸ್ ಗಿಡ, ಎರಡಕ್ಕೂ ಕೈಯ ಮೇಲೆ ಗಂದೆ ಎದ್ದಿತು. ಅಲರ್ಜಿ ತಜ್ಞರ ಬಗ್ಗೆ ನನಗೆ ಗೌರವ ಮೂಡಿದ್ದು ಅವರ ಮುಂದಿನ ಮಾತಿನಿಂದ: ‘ಇದು ನಿಮ್ಮ ಸೀನಿಗೆ ಕಾರಣ ಇರಬಹುದು, ಪಾಲಿಪ್‌ಗೆ ಇದೇ ಕಾರಣ ಅಂತ ಹೇಳೋಕಾಗಲ್ಲ.’ ಪರೀಕ್ಷೆ ತೋರಿಸಿದ್ದಕ್ಕಿಂತ ಹೆಚ್ಚನ್ನು ಹೇಳಿ ವರ್ಷಗಟ್ಟಲೆ ಚುಚ್ಚುಮದ್ದು ಮಾರುವವರನ್ನು ನಾನು ಕಂಡಿದ್ದೇನೆ.

ಶಸ್ತ್ರಚಿಕಿತ್ಸೆಗೆ ಅವರು ಆತುರಪಡಲಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಮೊದಲ ಹತ್ತು ವಾರ ಇನ್ಹೇಲರ್ ಬದಲಾಯಿಸಿ ಉಬ್ಬಸವನ್ನು ಹಿಡಿತಕ್ಕೆ ತಂದರು. ಮೂಗಿಗೆ ಉಪ್ಪುನೀರಿನ ತೊಳೆತ ಮತ್ತು ಸ್ಟೀರಾಯ್ಡ್ ಸ್ಪ್ರೇ. ಸ್ಪ್ರೇಯನ್ನು ನಾನು ವರ್ಷಗಳಿಂದ ಬಳಸುತ್ತಿದ್ದೆ, ಏನೂ ಉಪಯೋಗವಿಲ್ಲ ಎಂದೇ ನಂಬಿದ್ದೆ. ದಾದಿ ಬರಿಯ ನೀರು ತುಂಬಿದ ಬಾಟಲಿಯನ್ನು ಕೈಗೆ ಕೊಟ್ಟು ಹೇಗೆ ಹಾಕಿಕೊಳ್ಳುತ್ತೀರಿ ತೋರಿಸಿ ಎಂದರು. ನಾನು ತಲೆಯನ್ನು ಹಿಂದಕ್ಕೆ ಚೆಲ್ಲಿ, ನೇರವಾಗಿ ಮೇಲಕ್ಕೆ ಒತ್ತಿ, ಜೋರಾಗಿ ಎಳೆದುಕೊಂಡೆ. ಅವರು ನಕ್ಕು, ಔಷಧವೆಲ್ಲ ಇಷ್ಟು ದಿನ ಗಂಟಲಿಗೆ ಹೋಗಿದೆ ಎಂದರು. ಸರಿಯಾದ ಕ್ರಮ ಹೀಗಿದೆ: ಕಾಲ್ಬೆರಳು ನೋಡುವಂತೆ ತಲೆಯನ್ನು ತುಸು ಬಗ್ಗಿಸಬೇಕು, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಿಡಿದು, ತುದಿಯನ್ನು ನಡುಗೋಡೆಯಿಂದ ದೂರಕ್ಕೆ, ಅದೇ ಬದಿಯ ಕಿವಿಯ ಕಡೆಗೆ ತಿರುಗಿಸಬೇಕು, ಒತ್ತಿದ ಮೇಲೆ ಎಂದಿನಂತೆ ಮೆಲ್ಲಗೆ ಉಸಿರಾಡಬೇಕು. ತೊಳೆಯುವುದಕ್ಕೆ ಕುದಿಸಿ ಆರಿಸಿದ ನೀರೇ ಆಗಬೇಕು, ನಲ್ಲಿಯ ನೀರು ಕೂಡದು. ಜಲನೇತಿ ಮಾಡಿ ಅಭ್ಯಾಸವಿದ್ದವರಿಗೆ ಇದು ಸುಲಭ. ಜೇಬಿನಲ್ಲಿ ಸದಾ ಇರುತ್ತಿದ್ದ ಮೂಗು ಬಿಡಿಸುವ ಡ್ರಾಪ್ಸನ್ನು ಮಾತ್ರ ಅವರು ಅಲ್ಲೇ ಕಸದ ಬುಟ್ಟಿಗೆ ಹಾಕಿಸಿದರು; ಕೆಲವು ದಿನಗಳಿಗಿಂತ ಹೆಚ್ಚು ಬಳಸಿದರೆ ಅದೇ ಮೂಗನ್ನು ಮತ್ತಷ್ಟು ಕಟ್ಟಿಸುತ್ತದೆ.

ಇಷ್ಟಾದರೂ ಗೊಂಚಲು ತುಂಬ ದೊಡ್ಡದಿದ್ದುದರಿಂದ ನಾಲ್ಕನೆಯ ತಿಂಗಳಲ್ಲಿ ದುರ್ಬೀನಿನ ಮೂಲಕ ಸೈನಸ್ ಶಸ್ತ್ರಚಿಕಿತ್ಸೆ ಮಾಡಿದರು. ಅದರ ಹಿಂದಿನ ವಾರ ಅರಿವಳಿಕೆ ತಜ್ಞರೂ ಆ ಕೋಣೆಗೆ ಬಂದು, ಶ್ವಾಸಕೋಶ ತಜ್ಞರ ಎದುರಿನಲ್ಲೇ ನನ್ನ ಹೊಸ ಸ್ಪೈರೊಮೆಟ್ರಿಯನ್ನು ನೋಡಿ ಒಪ್ಪಿದರು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ತೆಗೆದದ್ದನ್ನು ಪೆಥಾಲಜಿಗೆ ಕಳುಹಿಸಿ, ಶಿಲೀಂಧ್ರ ಇಲ್ಲವೆಂದೂ ಖಚಿತಪಡಿಸಿಕೊಂಡರು. ಸೈನಸ್ಸಿನಲ್ಲಿ ಶಿಲೀಂಧ್ರಕ್ಕೆ ಅಲರ್ಜಿಯಾಗಿ ಪಾಲಿಪ್ ಬೆಳೆಯುವುದು ನಮ್ಮ ದೇಶದಲ್ಲಿ ಅಪರೂಪವಲ್ಲ.

ಈಗ ದೂರಿಗೆ ಬರುತ್ತೇನೆ. ಶಸ್ತ್ರಚಿಕಿತ್ಸೆಯ ರಾತ್ರಿ ಸುಮಾರು ಹತ್ತು ಗಂಟೆಗೆ ವಾರ್ಡಿನ ದಾದಿ ನೋವಿಗೆಂದು ಇಂಜೆಕ್ಷನ್ ತುಂಬಿಕೊಂಡು ಬಂದರು. ಯಾವುದು ಎಂದು ಕೇಳಿದೆ. ಡೈಕ್ಲೊಫೆನಾಕ್. ಅದು ಐಬುಪ್ರೊಫೇನಿನ ಒಡಹುಟ್ಟು. ನನಗೆ ಕೊಡಲೇಬಾರದೆಂದು ಆ ಜಂಟಿ ಕೋಣೆಯಲ್ಲಿ ನಾಲ್ಕು ತಿಂಗಳ ಹಿಂದೆಯೇ ತೀರ್ಮಾನವಾಗಿದ್ದ ಔಷಧಗಳಲ್ಲಿ ಒಂದು. ದಿಂಬಿನ ಕೆಳಗಿದ್ದ, ಶ್ವಾಸಕೋಶ ತಜ್ಞರು ಕೊಟ್ಟಿದ್ದ ಕೆಂಪು ಚೀಟಿಯನ್ನು ಮನೆಯವಳು ತೆಗೆದು ತೋರಿಸಿದಳು. ದಾದಿಯ ಮುಖ ಬಿಳಚಿಕೊಂಡಿತು. ರಾತ್ರಿ ಪಾಳಿಯ ವೈದ್ಯರು ಬಂದು ಪ್ಯಾರಾಸಿಟಮಾಲ್ ಬರೆದರು. ವಿಚಾರಿಸಿದಾಗ ತಿಳಿದದ್ದು, ಮೂಗಿನ ಶಸ್ತ್ರಚಿಕಿತ್ಸೆಯಾದ ಎಲ್ಲರಿಗೂ ಮೊದಲೇ ಅಚ್ಚಾದ ಒಂದೇ ಔಷಧಪಟ್ಟಿ ಇದೆ ಮತ್ತು ಗುರುವಾರದ ಕ್ಲಿನಿಕ್ಕಿನ ಟಿಪ್ಪಣಿ ವಾರ್ಡಿನ ಗಣಕಯಂತ್ರಕ್ಕೆ ಹೋಗುವುದೇ ಇಲ್ಲ. ಬಿಡುಗಡೆಯ ದಿನ ಕೊಟ್ಟ ಸಾರಾಂಶದ ಎರಡನೆಯ ಪುಟದಲ್ಲಿಯೂ ‘ಔಷಧ ಅಲರ್ಜಿ: ಇಲ್ಲ’ ಎಂದಿತ್ತು. ಕರಡು ತಿದ್ದುವುದೇ ನನ್ನ ಕಸುಬಾದ್ದರಿಂದ ಕಣ್ಣಿಗೆ ಬಿತ್ತು. ಬೇರೆಯವರಾಗಿದ್ದರೆ ಮಡಚಿ ಕಪಾಟಿನಲ್ಲಿಡುತ್ತಿದ್ದರು. ಕೆಂಪು ಶಾಯಿಯಲ್ಲಿ ತಿದ್ದಿ, ಲಿಖಿತ ದೂರನ್ನು ಕೊಟ್ಟೆ. ಹನ್ನೊಂದು ದಿನಗಳ ನಂತರ ಉತ್ತರ ಬಂತು, ಅದರಲ್ಲಿ ಕ್ಷಮೆಯಿತ್ತು. ಮುಂದಿನ ಭೇಟಿಯಲ್ಲಿ ನನ್ನ ಹೆಸರಿನ ಪಕ್ಕ ಕೆಂಪು ಪಟ್ಟಿ ಕಾಣಿಸಿತು. ಅದು ಎಲ್ಲ ಪರದೆಗಳಲ್ಲಿಯೂ ಕಾಣುತ್ತದೆಯೇ ಎಂದು ಔಷಧದ ಅಂಗಡಿಯ ಕೌಂಟರಿನಲ್ಲಿ ಇಣುಕಿ ನೋಡಿ ಬಂದೆ. ಕಾಣುತ್ತದೆ.

ಮೂವರು ತಜ್ಞರನ್ನು ಒಂದೇ ಮೇಜಿಗೆ ಕೂರಿಸುವುದು ಕಷ್ಟದ ಕೆಲಸ. ಇವರು ಅದನ್ನು ಸಾಧಿಸಿದ್ದಾರೆ. ಆದರೆ ಆ ಮೇಜಿನ ಮಾತು ಮೂರನೆಯ ಮಹಡಿಯ ವಾರ್ಡಿಗೆ ಹತ್ತದೇ ಹೋದರೆ ರೋಗಿಯ ಪಾಲಿಗೆ ಅವರು ಮತ್ತೆ ಮೂರು ಬಡಾವಣೆಗಳ ಮೂರು ದವಾಖಾನೆಗಳೇ. ನಾನು ಐದಕ್ಕೆ ನಾಲ್ಕು ಕೊಡುತ್ತಿದ್ದವನು ಮೂರೂವರೆಗೆ ಇಳಿದದ್ದು ಆ ಒಂದು ರಾತ್ರಿಯಿಂದ.

ಖರ್ಚಿನ ಮಾತು. ಜಂಟಿ ಭೇಟಿಗೆ 2,100 ರೂಪಾಯಿ. ಅದೇ ಮೂವರನ್ನು ಬೇರೆ ಬೇರೆಯಾಗಿ ಕಂಡಿದ್ದರೆ ತಲಾ 900 ಕೊಡಬೇಕಿತ್ತು, ಮೂರು ರಜೆ ಬೇರೆ. ಕಾಯುವುದು ಮಾತ್ರ ವಿಪರೀತ: ಎರಡು ಗಂಟೆಯ ಟೋಕನ್ನಿಗೆ ಒಳಗೆ ಕರೆದದ್ದು ಮೂರೂ ಮುಕ್ಕಾಲಿಗೆ. ಶಸ್ತ್ರಚಿಕಿತ್ಸೆಯ ವಿಮೆಯ ಒಪ್ಪಿಗೆ ಸುಲಭವಾಗಿ ಬಂತು. ಕೈಯಲ್ಲಿ ಅಷ್ಟು ಹಣವಿಲ್ಲದವರಿಗೆ ನಮ್ಮ ಊರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಕಿವಿ-ಮೂಗು-ಗಂಟಲಿನ ಸರ್ಕಾರಿ ಸಂಸ್ಥೆಯಿದೆ, ನಿಮ್ಹಾನ್ಸ್ ಬಳಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಿದೆ. ನಡುವೆ ಲಾಲ್‌ಬಾಗ್ ಇರುವುದರಿಂದ ಕಡತವನ್ನು ಒಂದರಿಂದ ಇನ್ನೊಂದಕ್ಕೆ ನೀವೇ ಹೊರಬೇಕು, ಅಷ್ಟೇ.

ಉರಿಯೂತದ ಮೂಲವನ್ನೇ ಗುರಿಯಿಟ್ಟು ತಡೆಯುವ, ಬಯೊಲಾಜಿಕ್ ಎಂಬ ಚುಚ್ಚುಮದ್ದುಗಳ ಪ್ರಸ್ತಾಪವೂ ಬಂತು. ಪಾಲಿಪ್ ಚಿಕಿತ್ಸೆಗೆಂದು ಅಮೆರಿಕದಲ್ಲಿ ಡುಪಿಲುಮ್ಯಾಬ್‌ಗೆ 2019ರಲ್ಲಿ, ಒಮಾಲಿಜುಮ್ಯಾಬ್‌ಗೆ 2020ರಲ್ಲಿ, ಮೆಪೊಲಿಜುಮ್ಯಾಬ್‌ಗೆ 2021ರಲ್ಲಿ ಒಪ್ಪಿಗೆ ಸಿಕ್ಕಿದೆ. ಇವನ್ನು ಯಾರಿಗೆ ಕೊಡಬೇಕೆನ್ನುವುದಕ್ಕೆ ಯುರೋಪಿನ ತಜ್ಞರ 2020ರ ಮಾರ್ಗಸೂಚಿ ಒಂದು ಅಳತೆಗೋಲು ಇಟ್ಟಿದೆ: ಶಸ್ತ್ರಚಿಕಿತ್ಸೆಯ ನಂತರವೂ ಎರಡೂ ಬದಿ ಪಾಲಿಪ್ ಇದ್ದು, ಐದು ಲಕ್ಷಣಗಳಲ್ಲಿ ಮೂರಾದರೂ ಕೂಡಿರಬೇಕು. ರಕ್ತದಲ್ಲಿ ಇಯೊಸಿನೊಫಿಲ್ 250 ಅಥವಾ ಹೆಚ್ಚಿರುವಂಥ ಉರಿಯೂತದ ಕುರುಹು, ವರ್ಷಕ್ಕೆ ಎರಡು ಅಥವಾ ಹೆಚ್ಚು ಬಾರಿ ಸ್ಟೀರಾಯ್ಡ್ ಮಾತ್ರೆಯ ಅಗತ್ಯ, ಮೊದಲು ಹೇಳಿದ ಪ್ರಶ್ನಾವಳಿಯಲ್ಲಿ 40 ಅಥವಾ ಹೆಚ್ಚು ಅಂಕ, ವಾಸನೆ ಹೋಗಿರುವುದು, ಜೊತೆಗೆ ಉಬ್ಬಸ. ಮೊದಲ ದಿನದ ನನ್ನ ಸ್ಥಿತಿಗೆ ಐದೂ ಹೊಂದುತ್ತಿದ್ದವು. ಆದರೂ ಅವರು, ಈ ಮದ್ದು ದುಬಾರಿ, ಒಮ್ಮೆ ಹಿಡಿದರೆ ದೀರ್ಘಕಾಲ ನಡೆಸಬೇಕು, ಈಗಿನ ಶಸ್ತ್ರಚಿಕಿತ್ಸೆ ಮತ್ತು ತೊಳೆತದ ಫಲವನ್ನು ಮೊದಲು ನೋಡೋಣ ಎಂದರು. ಆಸ್ಪತ್ರೆಯ ಉಸ್ತುವಾರಿಯಲ್ಲಿ ಆಸ್ಪಿರಿನ್ನನ್ನು ಕಿಂಚಿತ್ ಪ್ರಮಾಣದಿಂದ ಏರಿಸುತ್ತ ದೇಹವನ್ನು ಒಗ್ಗಿಸುವ ಕ್ರಮವೂ ಇದೆಯಂತೆ. ಮನೆಯಲ್ಲಿ ಯಾರೂ ಅದನ್ನು ಪ್ರಯತ್ನಿಸಬಾರದು ಎಂದು ಎರಡು ಬಾರಿ ಹೇಳಿದರು.

ಎಂಟನೆಯ ತಿಂಗಳ ಭೇಟಿಯಲ್ಲಿ ಆ ಪ್ರಶ್ನಾವಳಿಯ ನನ್ನ ಅಂಕ 61ರಿಂದ 22ಕ್ಕೆ ಇಳಿದಿತ್ತು. ಎಡ ಹೊಳ್ಳೆಯ ಮೂಲೆಯಲ್ಲಿ ಪೊರೆ ಸ್ವಲ್ಪ ಊದಿದೆ. ಸ್ಪ್ರೇ ಬದಲು ಈಗ ಉಪ್ಪುನೀರಿಗೇ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಬೆರೆಸಿ ತೊಳೆಯುತ್ತಿದ್ದೇನೆ. ವಾಸನೆ ಪೂರ್ತಿ ಬಂದಿಲ್ಲ. ಇಂಗಿನ ಒಗ್ಗರಣೆ ತಿಳಿಯುತ್ತದೆ, ಹೊಸ ಪುಸ್ತಕದ ಅಚ್ಚಿನ ಶಾಯಿ ತಿಳಿಯುತ್ತದೆ, ಗಾಂಧಿಬಜಾರಿನಲ್ಲಿ ಸಂಪಿಗೆ ತಿಳಿಯುತ್ತದೆ, ಮಲ್ಲಿಗೆ ಇನ್ನೂ ತಿಳಿಯುವುದಿಲ್ಲ. ಗ್ಯಾಸು ತಿಳಿಯುತ್ತದೆ, ಮಗಳು ಸಿಲಿಂಡರ್ ಬದಲಾಯಿಸುವಾಗ ಕರೆದು ಪರೀಕ್ಷಿಸಿದ್ದಾಳೆ.

ಹೋಗುವವರಿಗೆ ಎರಡು ಮಾತು. ಸಾಮಾನ್ಯ ನೆಗಡಿಗೆ, ಎರಡು ವಾರದ ಸೈನಸ್ ನೋವಿಗೆ ಈ ಕ್ಲಿನಿಕ್ ಬೇಡ. ಹತ್ತಿರದ ವೈದ್ಯರೇ ಸಾಕು. ಮೂಗು ಕಟ್ಟಿ, ವಾಸನೆ ಹೋಗಿ ಮೂರು ತಿಂಗಳು ದಾಟಿದ್ದರೆ, ಜೊತೆಗೆ ಉಬ್ಬಸವೂ ಇದ್ದರೆ, ಅಥವಾ ಒಮ್ಮೆ ತೆಗೆಸಿದ್ದು ಮತ್ತೆ ಬೆಳೆದಿದ್ದರೆ ಹೋಗಿ. ಹಳೆಯ ಸ್ಕ್ಯಾನಿನ ಸಿ.ಡಿ., ಔಷಧದ ಅಂಗಡಿಯ ಬಿಲ್ಲುಗಳ ಸಮೇತ ಎಲ್ಲ ಚೀಟಿಗಳನ್ನು ಒಯ್ಯಿರಿ, ಅಲರ್ಜಿ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕೆಂದು ಫೋನಿನಲ್ಲೇ ಕೇಳಿಕೊಳ್ಳಿ, ಮಧ್ಯಾಹ್ನದ ಊಟ ಮುಗಿಸಿಕೊಂಡೇ ಹೊರಡಿ. ಒಂದನೆಯ ಮಹಡಿಯ ಕ್ಯಾಂಟೀನಿನಲ್ಲಿ ನಾಲ್ಕು ಗಂಟೆಗೆ ಬೋಂಡ ಬರುತ್ತದೆ, ಆದರೆ ನಿಮ್ಮ ಟೋಕನ್ ಸಂಖ್ಯೆಯನ್ನು ಕೂಗುವುದೂ ಸರಿಯಾಗಿ ಆಗಲೇ.